ಒಂದೇ ಹುಳು, ಮೂರು ಹುಡುಕಾಟ: ಹಂದಿ ಲಾಡಿಹುಳುವನ್ನು ಪತ್ತೆ ಹಚ್ಚುವುದು ಹೇಗೆ?

‘ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ, ಮಿದುಳಿಗೆ ಹಂದಿಯ ಹುಳು ಹೇಗೆ ಬಂತು?’ ಮೂರ್ಛೆ ಬಂದವರ ಸ್ಕ್ಯಾನ್ ನೋಡಿ ವೈದ್ಯರು ಲಾಡಿಹುಳುವಿನ ಹೆಸರು ಎತ್ತಿದರೆ ಮನೆಯವರು ಹೀಗೆ ಕೇಳುವುದು ಸಹಜ. ಇದರ ಉತ್ತರ ತಿಳಿಯದೆ ಯಾವ ಪರೀಕ್ಷೆ ಮಾಡಿಸಬೇಕು ಅನ್ನುವುದೂ ತಿಳಿಯುವುದಿಲ್ಲ. ಮಲ ಪರೀಕ್ಷೆ ಮಾಡಿಸಿ, ‘ಏನೂ ಇಲ್ಲ’ ಅಂತ ಚೀಟಿ ಬಂದ ಕೂಡಲೇ ನಿರಾಳವಾಗುವವರಿದ್ದಾರೆ. ಆ ಪರೀಕ್ಷೆ ಹೇಳಿದ್ದು ಕರುಳಿನ ಸುದ್ದಿ. ಮಿದುಳಿನ ಸುದ್ದಿ ಅದಕ್ಕೆ ಗೊತ್ತೇ ಇಲ್ಲ.

ಹುಳುವಿನ ದಾರಿ

ಹಂದಿ ಲಾಡಿಹುಳುವಿನ ಹೆಸರು ಟೀನಿಯಾ ಸೋಲಿಯಂ. ಬೆಳೆದ ಹುಳು ಇರುವುದು ಮನುಷ್ಯರ ಸಣ್ಣ ಕರುಳಿನಲ್ಲಿ, ಹಂದಿಯ ಕರುಳಿನಲ್ಲಲ್ಲ. ಸಾಮಾನ್ಯವಾಗಿ 2ರಿಂದ 4 ಮೀಟರ್ ಉದ್ದ, ಚಪ್ಪಟೆ, ತುಣುಕು ತುಣುಕಾಗಿ ಜೋಡಿಸಿದ ಮೈ. ಬಾಲದ ಕಡೆಯ ಬಲಿತ ತುಣುಕುಗಳು ಕಳಚಿಕೊಂಡು ಮಲದ ಜೊತೆ ಹೊರಬರುತ್ತವೆ. ಒಂದೊಂದು ತುಣುಕಿನಲ್ಲೂ ಸಾವಿರಾರು ಮೊಟ್ಟೆ, ಕೆಲವೊಮ್ಮೆ 50,000ದವರೆಗೆ.

ಬಯಲಿನಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಮೊಟ್ಟೆಯೊಳಗಿನ ಮರಿ ಕರುಳು ಕೊರೆದು, ರಕ್ತದ ಜೊತೆ ಸಾಗಿ, ಮಾಂಸಖಂಡದಲ್ಲಿ ನೀರುಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವರ ಕರುಳಿನಲ್ಲಿ ಸುಮಾರು ಎರಡು ತಿಂಗಳಲ್ಲಿ ಹುಳು ಬೆಳೆದು ನಿಲ್ಲುತ್ತದೆ.

ಇನ್ನೊಂದು ದಾರಿಯೂ ಇದೆ. ಅಪಾಯ ಜಾಸ್ತಿ ಇರುವುದು ಅಲ್ಲೇ. ಹುಳು ಹೊತ್ತವರ ಕೈಯಿಂದಲೋ ಕೊಳಕಾದ ನೀರು, ಆಹಾರದಿಂದಲೋ ಮೊಟ್ಟೆಯೇ ನೇರವಾಗಿ ಮನುಷ್ಯರ ಬಾಯಿಗೆ ಹೋದರೆ, ಹಂದಿಯಲ್ಲಿ ಆದದ್ದೇ ಮನುಷ್ಯರಲ್ಲೂ ಆಗುತ್ತದೆ. ಸ್ನಾಯು, ಕಣ್ಣು, ಮಿದುಳು ಎಲ್ಲಿ ಬೇಕಾದರೂ ಗುಳ್ಳೆ ಏಳಬಹುದು. ಇದು ಸಿಸ್ಟಿಸರ್ಕೋಸಿಸ್. ಮಿದುಳಿನಲ್ಲಾದರೆ ನ್ಯೂರೋಸಿಸ್ಟಿಸರ್ಕೋಸಿಸ್. ನ್ಯೂಯಾರ್ಕ್‌ನಲ್ಲಿ ಧಾರ್ಮಿಕ ಕಾರಣಕ್ಕೆ ಹಂದಿ ಮಾಂಸವನ್ನೇ ತಿನ್ನದ ಯಹೂದಿ ಕುಟುಂಬಗಳಲ್ಲಿ ಈ ಕಾಯಿಲೆ ಕಂಡದ್ದು 1992ರಲ್ಲಿ ವರದಿಯಾಯಿತು. ಹುಳು ಇದ್ದದ್ದು ಆ ಮನೆಗಳ ಕೆಲಸದವರ ಕರುಳಿನಲ್ಲಿ ಅನ್ನುವುದರ ಕಡೆಗೆ ತನಿಖೆ ಬೊಟ್ಟು ಮಾಡಿತು. ಮನೆಯವರ ಪ್ರಶ್ನೆಗೆ ಉತ್ತರ ಇದೇ.

ಹಾಗಾಗಿ ಪರೀಕ್ಷೆಗೆ ಮೊದಲೇ ಒಂದು ವಿಷಯ ತೀರ್ಮಾನವಾಗಬೇಕು. ಹುಡುಕುತ್ತಿರುವುದು ಕರುಳಿನ ಹುಳುವನ್ನೋ, ಮನುಷ್ಯರ ಮೈಯಲ್ಲಿರುವ ಗುಳ್ಳೆಯನ್ನೋ, ಹಂದಿಯ ಮೈಯಲ್ಲಿರುವ ಗುಳ್ಳೆಯನ್ನೋ? ಮೂರಕ್ಕೂ ಪರೀಕ್ಷೆ ಬೇರೆ ಬೇರೆ.

ಹೆಜ್ಜೆ 1: ಕರುಳಿನ ಹುಳು

ಮೊದಲು ಸುಮ್ನೆ ಕೇಳಿ ನೋಡಿ. ‘ಮಲದಲ್ಲಿ ಬಿಳಿಯ, ಚಪ್ಪಟೆ ತುಣುಕು ಕಂಡಿದ್ದೀರಾ?’ ಹುಳು ಇರುವ ಎಷ್ಟೋ ಜನರಿಗೆ ಬೇರೆ ತೊಂದರೆಯೇ ಇರುವುದಿಲ್ಲ. ಇದ್ದರೂ ಹೊಟ್ಟೆನೋವು, ವಾಕರಿಕೆಯಂಥ ಸಣ್ಣಪುಟ್ಟವು. ಸಾಧ್ಯವಾದರೆ ಗಾಜಿನ ಸೀಸೆಯಲ್ಲಿಟ್ಟ ಒಂದು ತುಣುಕನ್ನು ತೋರಿಸಿಯೇ ಕೇಳಬೇಕು. ಮಾತಲ್ಲಿ ಕೇಳಿದರೆ ದಾರದಂಥ ಹುಳು, ಜೀರ್ಣವಾಗದ ನಾರು, ಲೋಳೆ ಎಲ್ಲವೂ ‘ಹೌದು’ ಆಗಿಬಿಡುತ್ತದೆ.

ಹಸುವಿನ ಲಾಡಿಹುಳು, ಅಂದರೆ ಟೀನಿಯಾ ಸ್ಯಾಜಿನೇಟಾ, ಇದಕ್ಕೆ ಹತ್ತಿರದ ಸಂಬಂಧಿ. ಅದರ ತುಣುಕುಗಳು ಒಂಟೊಂಟಿಯಾಗಿ ತೆವಳಿಕೊಂಡು ತಾವಾಗಿಯೇ ಗುದದ್ವಾರದಿಂದ ಹೊರಬರುತ್ತವೆ. ಜನಕ್ಕೆ ಅದು ಬೇಗ ಗೊತ್ತಾಗುತ್ತದೆ. ಹಂದಿ ಲಾಡಿಹುಳುವಿನ ತುಣುಕುಗಳಿಗೆ ಅಷ್ಟು ಚಟುವಟಿಕೆ ಇಲ್ಲ. ಸದ್ದಿಲ್ಲದೆ ಮಲದೊಂದಿಗೆ ಹೋಗುತ್ತವೆ. ‘ಏನೂ ಕಂಡಿಲ್ಲ’ ಎಂಬ ಉತ್ತರಕ್ಕೆ ಅದಕ್ಕೇ ತೂಕ ಕಡಿಮೆ.

ಆಮೇಲೆ ಮಲದ ಮಾದರಿ. ಒಂದು ಸಾಲದು. ಮೊಟ್ಟೆಗಳು ದಿನವೂ ಒಂದೇ ಸಮನೆ ಬರುವುದಿಲ್ಲ. ಬೇರೆ ಬೇರೆ ದಿನ ತೆಗೆದ ಮೂರು ಮಾದರಿ ಬೇಕು. ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಗುಂಡಗೆ, ಕಂದು ಬಣ್ಣದಲ್ಲಿ ಕಾಣುತ್ತದೆ. ಅಗಲ 30ರಿಂದ 35 ಮೈಕ್ರಾನ್. ದಪ್ಪ ಗೋಡೆಯ ತುಂಬ ನಡುವಿನಿಂದ ಅಂಚಿಗೆ ಎಳೆದಂಥ ಗೆರೆಗಳು, ಒಳಗೆ ಆರು ಕೊಕ್ಕೆಗಳ ಮರಿ. ಅದು ಯಾವ ಲಾಡಿಹುಳುವಿನದು ಎಂದು ನೋಟದಿಂದ ಹೇಳಲು ಬರುವುದಿಲ್ಲ. ಹಂದಿಯದೂ ಹಸುವಿನದೂ ಒಂದೇ ಥರ. ಹೀಗಿರುವಾಗ ವರದಿಯಲ್ಲಿ ‘ಟೀನಿಯಾ ಮೊಟ್ಟೆ ಇದೆ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ ಕೆಲಸ.

ಜಾತಿ ಗುರುತಿಸಲು ತುಣುಕು ಬೇಕು. ಈ ಕೆಲಸ ನೋಡಲು ಚೆಂದ. ಕೈಗವಸು ಹಾಕಿಕೊಂಡು ಬಲಿತ ತುಣುಕನ್ನು ತೊಳೆದು, ಎರಡು ಗಾಜಿನ ಸ್ಲೈಡುಗಳ ನಡುವೆ ಮೆಲ್ಲಗೆ ಒತ್ತಿ ಬೆಳಕಿಗೆ ಹಿಡಿಯುತ್ತಾರೆ. ನಡುವೆ ಉದ್ದಕ್ಕೆ ಗರ್ಭಕೋಶದ ಕಾಂಡ, ಅದರಿಂದ ಎರಡೂ ಬದಿಗೆ ಒಡೆದ ಕವಲುಗಳು ಕಾಣುತ್ತವೆ. ಸ್ಪಷ್ಟವಾಗದಿದ್ದರೆ ಸಣ್ಣ ಸೂಜಿಯಿಂದ ಕಪ್ಪು ಇಂಕು ಹಾಯಿಸುವುದುಂಟು. ಒಂದು ಬದಿಯ ಮುಖ್ಯ ಕವಲುಗಳನ್ನು ಮಾತ್ರ, ಅವು ಕಾಂಡದಿಂದ ಹೊರಡುವಲ್ಲೇ ಎಣಿಸಬೇಕು. 7ರಿಂದ 13 ಇದ್ದರೆ ಹಂದಿಯ ಹುಳು. ಹಸುವಿನದಾದರೆ 12ರಿಂದ 30. ಹನ್ನೆರಡು, ಹದಿಮೂರು ಬಂದರೆ ಎಣಿಕೆಯನ್ನು ನೆಚ್ಚದೆ ಡಿಎನ್‌ಎ ನೋಡಿ ಜಾತಿ ಹೇಳುವ ಪಿಸಿಆರ್ ಪರೀಕ್ಷೆಗೆ ಕಳಿಸಬೇಕು. ಏಷ್ಯಾದ ಕೆಲವೆಡೆ ಟೀನಿಯಾ ಏಷ್ಯಾಟಿಕಾ ಎಂಬ ಮೂರನೆಯದೂ ಇದೆ. ಅದು ಬರುವುದು ಹಂದಿಯ ಯಕೃತ್ತಿನಿಂದ, ಹೋಲುವುದು ಹಸುವಿನ ಹುಳುವನ್ನು. ತಲೆ ಸಿಕ್ಕಿದರೆ ಅನುಮಾನಕ್ಕೆ ಎಡೆಯಿಲ್ಲ. ನಾಲ್ಕು ಹೀರುಬಟ್ಟಲು, ಮೇಲೆ ಎರಡು ಸಾಲು ಕೊಕ್ಕೆ ಇದ್ದರೆ ಅದು ಸೋಲಿಯಂ.

ಕೈಗವಸಿನ ವಿಷಯ ಉಪಚಾರಕ್ಕೆ ಹೇಳಿದ್ದಲ್ಲ. ಆ ತುಣುಕಿನೊಳಗಿನ ಮೊಟ್ಟೆಗಳು ಹೊರಬಂದ ಕ್ಷಣದಿಂದಲೇ ಸೋಂಕು ತರಬಲ್ಲವು. ಲ್ಯಾಬಿನವರ ಮಿದುಳಿಗೂ ಅಪಾಯ ಅಷ್ಟೇ ಇದೆ.

ಮೈಕ್ರೋಸ್ಕೋಪಿಗಿಂತ ಮೇಲಾದ ಪರೀಕ್ಷೆಯೂ ಇದೆ. ಹುಳುವಿನ ಮೈಯಿಂದ ಮಲಕ್ಕೆ ಸೇರುವ ಪ್ರೋಟೀನುಗಳನ್ನು ಹಿಡಿಯುವ ಎಲಿಸಾ. ಮೊಟ್ಟೆ ಬಾರದ ದಿನವೂ ಅದು ಹುಳುವನ್ನು ಹಿಡಿಯುತ್ತದೆ, ಮೈಕ್ರೋಸ್ಕೋಪಿಗೆ ತಪ್ಪಿಸಿಕೊಂಡ ಎಷ್ಟೋ ಮಂದಿ ಇದರಲ್ಲಿ ಸಿಗುತ್ತಾರೆ. ಜಾತಿ ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಪಿಸಿಆರ್ ಹೇಳುತ್ತದೆ. ಪಿಸಿಆರ್‌ಗೆ ಕಳಿಸುವ ಮಾದರಿಯನ್ನು ಫಾರ್ಮಲಿನ್‌ನಲ್ಲಿ ಹಾಕಬೇಡಿ, ಡಿಎನ್‌ಎ ಕೆಡುತ್ತದೆ. ಆಲ್ಕೋಹಾಲ್ ಅಥವಾ ಫ್ರೀಜರ್ ಸರಿ.

ಹೆಜ್ಜೆ 2: ಔಷಧಕ್ಕೆ ಮೊದಲು ಒಂದು ಪ್ರಶ್ನೆ

ಹುಳು ಸಿಕ್ಕಿತು, ಮಾತ್ರೆ ನುಂಗಿಸೋಣ ಅಂತ ಅವಸರ ಮಾಡಬಾರದು. ಮೂರ್ಛೆ ಬಂದಿತ್ತಾ? ಬಿಡದ ತಲೆನೋವಿದೆಯಾ? ಚರ್ಮದಡಿ ಸಣ್ಣ ಗಂಟುಗಳಿವೆಯಾ? ಕರುಳಿನಲ್ಲಿ ಹುಳು ಇರುವವರ ಮಿದುಳಿನಲ್ಲೂ ಗುಳ್ಳೆ ಇರಬಹುದು. ಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಎಂಬ ಔಷಧ ಕರುಳಿನಿಂದ ರಕ್ತಕ್ಕೆ ಸೇರಿ ಮಿದುಳನ್ನೂ ತಲುಪುತ್ತದೆ. ಅಲ್ಲಿ ಗುಳ್ಳೆ ಸಾಯತೊಡಗಿದರೆ ಸುತ್ತ ಊತ ಬಂದು ಮೂರ್ಛೆ ಕೆರಳಬಹುದು. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿಯುವ ಔಷಧ, ಆ ಭಯ ಕಡಿಮೆ. ಯಾವುದು, ಎಷ್ಟು ಅನ್ನುವುದನ್ನು ವೈದ್ಯರೇ ನಿರ್ಧರಿಸಬೇಕು. ತಾವಾಗಿ ಅಂಗಡಿಯಿಂದ ತಂದು ನುಂಗುವ ಕೆಲಸ ಇದಲ್ಲ.

ಹೆಜ್ಜೆ 3: ಮಿದುಳಿನ ಗುಳ್ಳೆ

ಮೊಟ್ಟೆ ಒಳಹೋದ ದಿನಕ್ಕೂ ಮೊದಲ ಮೂರ್ಛೆಗೂ ನಡುವೆ ವರ್ಷಗಳೇ ಉರುಳಬಹುದು. ಭಾರತದಲ್ಲಿ ಸೇವೆ ಮುಗಿಸಿ ಬ್ರಿಟನ್ನಿಗೆ ಮರಳಿದ ಸೈನಿಕರನ್ನು ಗಮನಿಸಿದ ವೈದ್ಯರಿಗೆ ಇದು ಖಚಿತವಾಯಿತು. ಊರು ಸೇರಿ ಎಷ್ಟೋ ವರ್ಷದ ಮೇಲೆ ಅವರಲ್ಲಿ ಮೂರ್ಛೆ ಶುರುವಾಗುತ್ತಿತ್ತು. ಅಷ್ಟು ಹೊತ್ತಿಗೆ ಕರುಳಿನಲ್ಲಿ ಹುಳು ಇರಲೇಬೇಕೆಂದಿಲ್ಲ, ಮೊದಲಿನಿಂದಲೂ ಇಲ್ಲದಿರಬಹುದು. ಮಿದುಳಿನಲ್ಲಿ ಗುಳ್ಳೆ ಇರುವ ಬಹುಪಾಲು ಜನರ ಮಲದಲ್ಲಿ ಏನೂ ಸಿಗುವುದಿಲ್ಲ.

ಇಲ್ಲಿ ಮುಖ್ಯ ಪರೀಕ್ಷೆ ಸ್ಕ್ಯಾನ್. ಸಿಟಿ, ಎಂಆರ್‌ಐ ಎರಡಕ್ಕೂ ಅದರದರ ಕೆಲಸವಿದೆ. ಸತ್ತು ಸುಣ್ಣಗಟ್ಟಿದ ಗುಳ್ಳೆಗಳು ಸಿಟಿಯಲ್ಲಿ ಬೆಳ್ಳಗೆ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಜೀವಂತ ಗುಳ್ಳೆ, ಮಿದುಳಿನ ನೀರಿನ ಕೋಣೆಗಳಲ್ಲಿ ಅಡಗಿದ ಗುಳ್ಳೆ ಎಂಆರ್‌ಐಯಲ್ಲಿ ಚೆನ್ನಾಗಿ ಕಾಣುತ್ತವೆ. ದುಂಡನೆಯ ನೀರುಗುಳ್ಳೆ, ಅದರ ಗೋಡೆಗೆ ಅಂಟಿದ ಒಂದು ಸಣ್ಣ ಚುಕ್ಕೆ. ಆ ಚುಕ್ಕೆ ಮರಿಹುಳುವಿನ ತಲೆ. ಅದು ಕಂಡರೆ ರೋಗ ಇದೇ ಎಂದು ಹೇಳಬಹುದು.

ಕಷ್ಟ ಇರುವುದು ಒಂದೇ ಒಂದು ಉಂಗುರದಂಥ ಗಾಯ ಕಂಡಾಗ. ಕ್ಷಯದ ಗಡ್ಡೆಯೂ ಹಾಗೇ ಕಾಣಬಹುದು. ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ. ಗಾಯದ ಗಾತ್ರ, ಸುತ್ತಲಿನ ಊತ, ಜ್ವರ, ಶ್ವಾಸಕೋಶದ ಸ್ಥಿತಿ, ಕೆಲವು ವಾರಗಳ ಮೇಲಿನ ಮರುಸ್ಕ್ಯಾನ್, ಎಲ್ಲವನ್ನೂ ಸೇರಿಸಿ ತೀರ್ಮಾನಿಸಬೇಕಾಗುತ್ತದೆ. ಇಲ್ಲಿ ಆತುರ ಪಡದ ವೈದ್ಯರ ಮೇಲೆ ರೋಗಿಯ ಮನೆಯವರು ಬೇಸರಿಸಬಾರದು.

ರಕ್ತ ಪರೀಕ್ಷೆ ಸ್ಕ್ಯಾನಿಗೆ ಆಸರೆ. 1989ರಲ್ಲಿ ಪ್ರಕಟವಾದ ಇಐಟಿಬಿ ಎಂಬ ಪರೀಕ್ಷೆ, ಹುಳುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹಿಡಿಯುತ್ತದೆ. ಎರಡು ಅಥವಾ ಹೆಚ್ಚು ಜೀವಂತ ಗುಳ್ಳೆ ಇದ್ದರೆ ಅದು ತಪ್ಪುವುದು ಬಹಳ ಅಪರೂಪ. ಒಂದೇ ಗುಳ್ಳೆ ಇದ್ದರೆ, ಅಥವಾ ಸುಣ್ಣಗಟ್ಟಿದ್ದು ಮಾತ್ರ ಇದ್ದರೆ, ಎಷ್ಟೋ ಸಲ ‘ಇಲ್ಲ’ ಎನ್ನುತ್ತದೆ. ಇನ್ನು ‘ಇದೆ’ ಎಂದಾಗಲೂ ಅದರ ಅರ್ಥ ಮೈ ಎಂದೋ ಈ ಹುಳುವನ್ನು ಕಂಡಿದೆ ಅನ್ನುವುದಷ್ಟೇ ಆಗಿರಬಹುದು. ಹುಳುವಿನ ಕಚ್ಚಾ, ಅಂದರೆ ಶುದ್ಧಗೊಳಿಸದ, ಪ್ರೋಟೀನು ಬಳಸಿ ರಕ್ತ ನೋಡುವ ಅಗ್ಗದ ಎಲಿಸಾ ಕಿಟ್‌ಗಳನ್ನು ಇದಕ್ಕೆ ನೆಚ್ಚಬಾರದೆಂದು ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ.

ಗುಳ್ಳೆ ಕೊಲ್ಲುವ ಔಷಧಕ್ಕೆ ಮೊದಲು ಕಣ್ಣಿನ ಒಳಪದರ ಪರೀಕ್ಷೆ ಆಗಲೇಬೇಕು. ಕಣ್ಣಲ್ಲಿ ಗುಳ್ಳೆ ಸತ್ತು ಊದಿಕೊಂಡರೆ ದೃಷ್ಟಿಯೇ ಹೋಗಬಹುದು.

ಹೆಜ್ಜೆ 4: ಹಂದಿ

ಗುಳ್ಳೆ ತುಂಬಿದ ಹಂದಿಯೂ ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತದೆ. ತಿನ್ನುತ್ತದೆ, ಓಡಾಡುತ್ತದೆ. ಹಾಗಾಗಿ ನಾಲಗೆ ನೋಡುತ್ತಾರೆ. ಪ್ರಾಚೀನ ಗ್ರೀಕರಿಗೂ ಈ ಉಪಾಯ ಗೊತ್ತಿತ್ತು.

ಇದಕ್ಕೆ ಪಳಗಿದ ಕೈ, ಕನಿಷ್ಠ ಇಬ್ಬರು ಬೇಕು. ಹಂದಿಯನ್ನು ಮಗ್ಗುಲಿಗೆ ಮಲಗಿಸಿ ಭದ್ರವಾಗಿ ಹಿಡಿಯಬೇಕು. ಹಲ್ಲುಗಳ ನಡುವೆ ಗಟ್ಟಿ ಕೋಲು ಅಡ್ಡ ಇಟ್ಟು ಬಾಯಿ ತೆರೆಸಬೇಕು. ನಾಲಗೆ ಜಾರುತ್ತದೆ, ಬಟ್ಟೆಯಲ್ಲಿ ಹಿಡಿದು ಹೊರಗೆಳೆದು ಲೋಳೆ ಒರೆಸಿ, ಟಾರ್ಚ್ ಬೆಳಕಿನಲ್ಲಿ ಕೆಳಭಾಗ ನೋಡಬೇಕು. ಗುಳ್ಳೆ 5ರಿಂದ 10 ಮಿಲಿಮೀಟರ್, ಅರೆಪಾರದರ್ಶಕ, ಒಳಗೆ ಬಿಳಿ ಚುಕ್ಕೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗಬಹುದು. ಬುಡದಿಂದ ತುದಿಯವರೆಗೆ ಬೆರಳು ಒತ್ತಿ ಎಳೆದರೆ ಸಣ್ಣ ಉಬ್ಬು ತಡೆಯುತ್ತದೆ.

ಅನುಭವಿಗಳು ‘ಇದೆ’ ಎಂದರೆ ನಂಬಬಹುದು. ‘ಇಲ್ಲ’ ಎಂದರೆ ಪೂರ್ತಿ ನಂಬಲಾಗದು. ಗುಳ್ಳೆ ಕಡಿಮೆ ಇರುವ ಹಂದಿಯ ನಾಲಗೆಯಲ್ಲಿ ಏನೂ ಇರದೇ ಹೋಗಬಹುದು. ಕಸಾಯಿಖಾನೆಯ ತಪಾಸಣೆಗೂ ಇದೇ ಮಿತಿ. ಹೃದಯ, ದವಡೆಯ ಸ್ನಾಯು, ನಾಲಗೆ, ವಪೆ, ಮುಂಗಾಲಿನ ಸ್ನಾಯು ಕೊಯ್ದು ನೋಡುತ್ತಾರೆ. ಕೊಯ್ದ ಜಾಗದ ಪಕ್ಕದಲ್ಲೇ ಗುಳ್ಳೆ ಉಳಿದುಬಿಡಬಹುದು. ಪೂರ್ತಿ ಖಚಿತವಾಗಬೇಕಾದರೆ ಇಡೀ ದೇಹದ ಮಾಂಸವನ್ನು ಅರ್ಧ ಸೆಂಟಿಮೀಟರಿಗಿಂತ ತೆಳ್ಳಗೆ ಹೋಳು ಮಾಡಬೇಕು. ಅದು ಸಂಶೋಧನೆಗೆ ಸರಿ, ಮಾರುಕಟ್ಟೆಗಲ್ಲ.

ಯಕೃತ್ತಿನ ಮೇಲೆ, ಕರುಳಿನ ಕೊಬ್ಬಿನ ಪೊರೆಯಲ್ಲಿ ತೂಗುವ ದೊಡ್ಡ ಗುಳ್ಳೆ ಕಂಡರೆ ಗಾಬರಿ ಬೇಡ. ಅದು ಹೆಚ್ಚಾಗಿ ನಾಯಿಯ ಲಾಡಿಹುಳು ಟೀನಿಯಾ ಹೈಡಾಟಿಜೆನಾದ ಮರಿ. ಆದರೆ ಹಂದಿಯ ರಕ್ತದಲ್ಲಿ ಪ್ರತಿಜನಕವನ್ನು, ಅಂದರೆ ಗುಳ್ಳೆಯಿಂದ ರಕ್ತಕ್ಕೆ ಸೇರುವ ಪ್ರೋಟೀನನ್ನು, ಹುಡುಕುವ ಎಲಿಸಾ ಇವೆರಡನ್ನೂ ಬೇರೆ ಮಾಡಲಾರದು. ಪ್ರತಿಕಾಯ ಪರೀಕ್ಷೆಯಲ್ಲಿ ಇನ್ನೊಂದು ತೊಡಕು. ಮರಿಗಳಿಗೆ ತಾಯಿಯ ಹಾಲಿನಿಂದ ಬಂದ ಪ್ರತಿಕಾಯ ತಿಂಗಳುಗಟ್ಟಲೆ ಉಳಿದು, ಸೋಂಕಿಲ್ಲದಿದ್ದರೂ ‘ಇದೆ’ ಎನಿಸುತ್ತದೆ.

ನಾಲಗೆ ನೋಡಿ ‘ರೋಗ ಇದೆ’ ಎಂದಷ್ಟೇ ಹೇಳಿ ಹೊರಟರೆ ಸಾಕಿದವರು ಏನು ಮಾಡಬೇಕು? ಹಂದಿ ಗುಟ್ಟಾಗಿ ಬೇರೆ ಕಡೆ ಮಾರಾಟವಾಗುತ್ತದೆ. ಪರೀಕ್ಷೆಯ ಜೊತೆ ಪರಿಹಾರವೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಶುವೈದ್ಯರು ದೇಹದ ತೂಕದ ಕಿಲೋಗೆ 30 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಆಕ್ಸ್‌ಫೆಂಡಜೋಲ್ ಕೊಟ್ಟರೆ ಸ್ನಾಯುಗಳ ಗುಳ್ಳೆ ಸಾಯುತ್ತವೆ. ಕೂಡಲೇ ಕಡಿಯುವಂತಿಲ್ಲ. ಔಷಧದ ಅಂಶ ಹೋಗಲು ವಾರಗಳು, ಸತ್ತ ಗುಳ್ಳೆಯ ಗುರುತು ಮಾಂಸದಿಂದ ಮಾಯವಾಗಲು ತಿಂಗಳುಗಳು ಬೇಕು.

ಹೆಜ್ಜೆ 5: ಒಂದು ಸಿಕ್ಕರೆ ಇನ್ನೊಂದನ್ನು ಹುಡುಕಿ

ಹಂದಿಯ ನಾಲಗೆಯಲ್ಲಿ ಗುಳ್ಳೆ ಇದೆ ಅಂದರೆ ಹುಳು ಹೊತ್ತ ಮನುಷ್ಯರೊಬ್ಬರು ಹತ್ತಿರದಲ್ಲೇ ಇರಬಹುದು, ಅಲ್ವಾ? ಪೆರು ದೇಶದ ಉತ್ತರದ ಹಳ್ಳಿಗಳಲ್ಲಿ ಇದನ್ನೇ ವಿಧಾನವಾಗಿ ಮಾಡಿಕೊಂಡು ನೋಡಿದರು. ಹೆಚ್ಚು ಗುಳ್ಳೆಯಿರುವ ಹಂದಿ ಸಿಕ್ಕ ಜಾಗದಿಂದ 100 ಮೀಟರ್ ಒಳಗಿನ ಮನೆಗಳವರಿಗೆ ಪರೀಕ್ಷೆ ಅಥವಾ ಔಷಧ. ಇಡೀ ಊರನ್ನು ಜಾಲಾಡುವುದಕ್ಕಿಂತ ಇದು ಎಷ್ಟೋ ಹಗುರ. ಮಿದುಳಿನ ಗುಳ್ಳೆ ಸಿಕ್ಕಾಗಲೂ ಹೀಗೇ. ರೋಗಿಯ ಜೊತೆ ವಾಸಿಸುವವರ, ಅಡುಗೆ ಮಾಡುವವರ ಮಲ ಪರೀಕ್ಷೆ ಆಗಬೇಕು. ಅವರನ್ನು ತಪ್ಪಿತಸ್ಥರಂತೆ ಕಾಣುವುದು ಅನ್ಯಾಯ. ಹುಳು ಇರುವುದು ಅವರಿಗೇ ಗೊತ್ತಿರುವುದಿಲ್ಲ.

ಹುಳು ಸಿಕ್ಕವರಿಗೆ ಔಷಧ ಕೊಟ್ಟ ಮೇಲೆ ಮೂರು ದಿನದ ಮಲವನ್ನು ಸಂಗ್ರಹಿಸಿ ಜರಡಿಯಲ್ಲಿ ನೀರು ಹಾಯಿಸಿ ತಲೆಗಾಗಿ ಹುಡುಕುತ್ತಾರೆ. ತಲೆ ಒಳಗೆ ಉಳಿದರೆ ಹುಳು ಮತ್ತೆ ಬೆಳೆಯುತ್ತದೆ. ತಲೆ ಕೈಗೆ ಸಿಗದಿರುವುದೂ ಉಂಟು. ಆದ್ದರಿಂದ ಒಂದು ತಿಂಗಳಾದ ಮೇಲೆ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಲ ಪರೀಕ್ಷೆಯನ್ನು ಮರಳಿ ಮಾಡಿಸಬೇಕು. ಔಷಧ ಕೊಟ್ಟ ದಿನವೇ ಆ ಎರಡು ತಾರೀಖುಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.