ಮಳೆಗೆ ಮುಂಚೆ ಹಂಚಿನ ಮಾಡು (ಛಾವಣಿ) ಒಮ್ಮೆ ನೋಡ್ಬಿಡಿ

ಮೇ ತಿಂಗಳ ಬಿಸಿಲಿರೋವಾಗ್ಲೇ ನೋಡ್ಬಿಡಿ, ಜೂನಲ್ಲಿ ಮಳೆ ಹಿಡಿದ್ಮೇಲೆ ಹಂಚು ಜಾರುತ್ತೆ, ಕೆಲಸದವ್ರೂ ಸಿಗಲ್ಲ. ಮೊದ್ಲು ಮೇಲೆ ಹತ್ಬೇಡಿ. ಮಧ್ಯಾಹ್ನ 12ರ ಹೊತ್ತಿಗೆ ಅಟ್ಟಕ್ಕೆ ಹೋಗಿ ಲೈಟ್ ಆಫ್ ಮಾಡಿ ಸುಮ್ನೆ ಮೇಲೆ ನೋಡಿ, ಎಲ್ಲೆಲ್ಲಿ ಬಿಸಿಲಿನ ಚುಕ್ಕಿ ಕಾಣುತ್ತೋ ಅಲ್ಲೆಲ್ಲ ಹಂಚು ಒಡೆದಿರ್ಬಹುದು ಇಲ್ಲ ಜರುಗಿರ್ಬಹುದು (ಮಂಗಗಳ ಕೃಪೆ!), ಪಕ್ಕದ ರೀಪಿಗೆ (ಹಂಚು ಕೂರೋ ಅಡ್ಡ ಪಟ್ಟಿ) ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಇನ್ನೊಂದು, ನೀರು ತೊಟ್ಟಿಕ್ಕೋ ಜಾಗಾನೇ ಸೋರೋ ಜಾಗ ಅನ್ಕೋಬೇಡಿ. ನಮ್ಮನೇಲಿ ಒಲೆ ಪಕ್ಕ ಬಕೆಟ್ ಇಟ್ಟಿದ್ವಿ, ನೋಡಿದ್ರೆ ಬಿರುಕು ಬಿಟ್ಟ ಹಂಚು ನಾಲ್ಕು ಸಾಲು ಮೇಲಿತ್ತು, ನೀರು ಪಕ್ಕಾಸಿನ (ರೀಪಿನ ಕೆಳಗೆ ಇಳಿಜಾರಾಗಿರೋ ಮರ) ಗುಂಟ ಇಳಿದು ಬಂದು ಇಲ್ಲಿ ಬೀಳ್ತಿತ್ತು. ಅದಕ್ಕೆ ಕಲೆ ಕಂಡಲ್ಲಿಂದ ಮೇಲ್ಮೇಲಕ್ಕೆ ಹುಡುಕಿ. ಕಪ್ಪಾಗಿರೋ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದ್ರೆ ಕುಂಬಾಗಿದೆ ಇಲ್ಲ ಗೆದ್ದಲು ಹಿಡಿದಿದೆ, ಹಂಚು ಬದಲಾಯಿಸಿದ್ರೆ ಸಾಲಲ್ಲ.

ಹೊರಗಡೆ ಏಣಿ ಹಾಕಿ ನೋಡ್ಬೇಕಾಗಿದ್ದು ಎರಡು ಮಾಡು ಕೂಡೋ ಕಡೆಯ ತಗಡು. ಎಲೆ ಕಸ ಕಟ್ಕೊಂಡು ನೀರು ಹಿಂದಕ್ಕೆ ನುಗ್ಗೋದು ಅಲ್ಲೇ, ತುಕ್ಕು ತೂತೂ ಅಲ್ಲೇ. ಆಮೇಲೆ ಮಾಡಿನ ನೆತ್ತಿಯ ತುದಿ ಹಂಚಿನ ಸಿಮೆಂಟು, ಗೋಡೆಗೆ ಮಾಡು ತಾಗೋ ಜಾಗ. ಹತ್ತಲೇಬೇಕು ಅಂದ್ರೆ ಹಂಚಿನ ನಡುವೆ ತುಳೀಬೇಡಿ, ಕೆಳಗೆ ರೀಪು ಇರೋ ಕಡೆ ಕಾಲಿಡಿ.