ಲಿನಕ್ಸ್‌ಗೆ ಅಗ್ಗದ ವೈಫೈ ಕಾರ್ಡ್: ಡಬ್ಬಿಯ ಹೆಸರು ಬಿಡಿ, ಚಿಪ್ ಯಾವುದೆಂದು ಕೇಳಿ

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ‘ವೈಫೈ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಕಾರ್ಡ್) ಕೊಡಿ’ ಎಂದರೆ ಕಂಪನಿಯ ಹೆಸರಿರುವ ಡಬ್ಬಿಯೊಂದು ಕೈಗೆ ಬರುತ್ತದೆ. ಲಿನಕ್ಸ್‌ಗೆ ಆ ಹೆಸರಿನಿಂದ ಪ್ರಯೋಜನವಿಲ್ಲ. ಒಳಗಿನ ಚಿಪ್ ಯಾವುದೆಂದು ಗೊತ್ತಾಗಬೇಕು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ನೋಡಿ. 1ನೇ ಆವೃತ್ತಿಯಲ್ಲಿ ಇದ್ದದ್ದು ಅಥೆರಾಸ್ ಎಆರ್9271, ಸಿಕ್ಕಿಸಿದರೆ ಸಾಕು, ಓಡುತ್ತದೆ. 2 ಮತ್ತು 3ನೇ ಆವೃತ್ತಿಯಲ್ಲಿ ರಿಯಲ್‌ಟೆಕ್ 8188ಇಯುಎಸ್ ಬಂತು, ಹಳೆಯ ಕರ್ನೆಲ್‌ಗಳಲ್ಲಿ (ಕರ್ನೆಲ್ ಎಂದರೆ ಲಿನಕ್ಸ್‌ನ ತಿರುಳು) ಅದು ಸತಾಯಿಸುತ್ತದೆ. ಮಾದರಿ ಸಂಖ್ಯೆ ಮಾತ್ರ ಅದೇ. ಆವೃತ್ತಿ ತಿಳಿಯಬೇಕಾದರೆ ಚೀಟಿಯ ಮೇಲಿನ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಬೇಕು.

ಅಂಗಡಿಗೆ ಹೊರಡುವ ಮೊದಲು ಟರ್ಮಿನಲ್‌ನಲ್ಲಿ ‘ಯುನೇಮ್ -ಆರ್’ (uname -r) ಕೊಟ್ಟು ಕರ್ನೆಲ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಿಪ್ ಆಯ್ಕೆಯೆಲ್ಲ ಅದರ ಮೇಲೆ ನಿಂತಿದೆ. 2.4 ಗಿಗಾಹರ್ಟ್ಸ್ ಸಾಕೆಂದರೆ ಎಆರ್9271 ಒಳ್ಳೆಯದು; ಅದರ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ತಂತ್ರಾಂಶ) ಕೂಡ ಮುಕ್ತ ತಂತ್ರಾಂಶ. 5 ಗಿಗಾಹರ್ಟ್ಸ್ ಸಹ ಬೇಕೆಂದರೆ ಮೀಡಿಯಾಟೆಕ್ ಎಂಟಿ7612ಯು ನೋಡಿ, 4.19ನೇ ಆವೃತ್ತಿಯಿಂದ ಅದರ ಚಾಲಕ (ಡ್ರೈವರ್) ಕರ್ನೆಲ್‌ನಲ್ಲೇ ಇದೆ. ವೈಫೈ 6ಕ್ಕೆ ಎಂಟಿ7921ಎಯು, ಆದರೆ ಕರ್ನೆಲ್ 5.18 ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ‘ಡ್ರೈವರ್ ಸಿಡಿ ಇದೆ, ಲಿನಕ್ಸ್‌ಗೂ ಆಗುತ್ತದೆ’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಹೊರಗಿನಿಂದ ತಂದು ಕಟ್ಟಿದ ಚಾಲಕ ಕರ್ನೆಲ್ ಬದಲಾದಾಗ ಮುರಿದುಬೀಳಬಹುದು. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಕಾವಲು) ಆನ್ ಇದ್ದರೆ, ಸಹಿ ಮಾಡದ ಚಾಲಕ ಒಳಗೇ ಬರುವುದಿಲ್ಲ.

ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೌಟರ್ ಚಾವಡಿಯಲ್ಲಿದ್ದು ನೀವು ಒಳಕೋಣೆಯಲ್ಲಿ ಕೂರುವುದಾದರೆ 5 ಗಿಗಾಹರ್ಟ್ಸ್ ಅಷ್ಟು ದೂರ ಬರುವುದು ಕಷ್ಟ. ಅಂಥ ಮನೆಗೆ ಉಗುರಿನಷ್ಟು ಪುಟ್ಟ ಡಾಂಗಲ್ ಬೇಡ, ಹೊರಗೆ ಆಂಟೆನಾ ಇರುವುದೇ ಆಗಬೇಕು.

ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಮತ್ತು ಲ್ಯಾಪ್‌ಟಾಪ್ ಜೊತೆಗೆ ಒಯ್ಯಿರಿ. ದುಡ್ಡು ಕೊಡುವ ಮೊದಲು ಡಾಂಗಲ್ ಸಿಕ್ಕಿಸಿ ‘ಎಲ್‌ಎಸ್‌ಯುಎಸ್‌ಬಿ’ (lsusb) ಕೊಡಿ. 0ಸಿಎಫ್3:9271 (0cf3:9271) ಬಂದರೆ ಅದು ಎಆರ್9271. 0ಬಿಡಿಎ:1ಎ2ಬಿ (0bda:1a2b) ಬಂದರೆ ಡಾಂಗಲ್ ತನ್ನನ್ನು ಸಿಡಿ ಡ್ರೈವ್ ಎಂದು ತೋರಿಸಿಕೊಳ್ಳುತ್ತಿದೆ. ‘ಯುಎಸ್‌ಬಿ ಮೋಡ್‌ಸ್ವಿಚ್’ (usb_modeswitch) ಹಾಕಿ ಅದನ್ನು ಎಬ್ಬಿಸಬೇಕು. ಆ ಗೋಜಲು ಬೇಡದವರು ಅಲ್ಲೇ ವಾಪಸ್ ಕೊಡಿ.

ಲ್ಯಾಪ್‌ಟಾಪ್‌ನ ಒಳಗಿನ ಕಾರ್ಡ್ ಬದಲಿಸುವವರು ಮೊದಲು ಸ್ಲಾಟ್ ನೋಡಬೇಕು. ಹಳೆಯದರಲ್ಲಿ ಹಾಫ್ ಮಿನಿ ಪಿಸಿಐಇ, ಹೊಸದರಲ್ಲಿ ಎಂ.2, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಮಿನಿ ಪಿಸಿಐಇಗೆ ಸೆಕೆಂಡ್‌ಹ್ಯಾಂಡ್ ಅಥೆರಾಸ್ ಎಆರ್9462 ಸಿಕ್ಕರೆ ಬಿಡಬೇಡಿ, ಅದರ ವೈಫೈಗೆ ಪ್ರತ್ಯೇಕ ಫರ್ಮ್‌ವೇರ್ ಕಡತವೇ ಬೇಡ. ಎಂ.2ಗೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ತೆಗೆದುಕೊಳ್ಳಿ. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇದ್ದರೂ ಅವು ಸಿಎನ್‌ವಿಐಒ ಬಗೆಯವು, ಅಂದರೆ ವೈಫೈ ಕೆಲಸದ ಒಂದು ಭಾಗಕ್ಕೆ ಯಂತ್ರದ ಇಂಟೆಲ್ ಚಿಪ್‌ಸೆಟ್ಟನ್ನೇ ನೆಚ್ಚಿಕೊಂಡವು. ಎಎಂಡಿ ಯಂತ್ರದಲ್ಲಿ ಉಸಿರೆತ್ತುವುದಿಲ್ಲ. ಕೆಲವು ಹಳೆಯ ಥಿಂಕ್‌ಪ್ಯಾಡ್‌ಗಳ ಬಯಾಸ್ (ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ, ಮೊದಲೇ ವಿಚಾರಿಸಿ. ಆಂಟೆನಾದ ದುಂಡು ಕೊಂಡಿಯನ್ನು ವಾಲಿಸದೆ ನೇರವಾಗಿ ಒತ್ತಿ, ‘ಟಕ್’ ಎನ್ನಬೇಕು. ಎಂ.2 ಕಾರ್ಡಿನ ಕೊಂಡಿ ಮಿನಿ ಪಿಸಿಐಇಯದ್ದಕ್ಕಿಂತ ಚಿಕ್ಕದು. ಬಲವಂತ ಮಾಡಿದರೆ ಕಿತ್ತು ಬರುತ್ತದೆ.

ಹಾಕಿದ ಮೇಲೂ ನೆಟ್ ಬರದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕೊಟ್ಟು ನೋಡಿ. ಎಷ್ಟೋ ಸಲ ವೈಫೈ ಗುಂಡಿ ಆಫ್ ಆಗಿರುತ್ತದೆ. ಆಮೇಲೆ ‘ಸುಡೊ ಡಿಎಂಇಎಸ್‌ಜಿ’ಯಲ್ಲಿ (sudo dmesg) ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲು ಇದೆಯೇ ಹುಡುಕಿ. ಇದ್ದರೆ ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ ಹಾಕಿ ಆ ಫರ್ಮ್‌ವೇರ್‌ನ ಪ್ಯಾಕೇಜ್ ಇಳಿಸಿಕೊಳ್ಳಿ. ಸಿಗ್ನಲ್ ಬಂದು ಹೋಗುತ್ತಿದ್ದರೆ ನೀಲಿ ಯುಎಸ್‌ಬಿ 3 ಪೋರ್ಟಿನಿಂದ ತೆಗೆದು ಯುಎಸ್‌ಬಿ 2ಕ್ಕೆ ಹಾಕಿ ನೋಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಹಾಳುಮಾಡುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್‌ನಿಂದಲೂ ಸರಿಹೋಗಬಹುದು.