ಸ್ಟೀವನ್ಸ್ ಅತ್ತಿದ್ದು ನನಗೆ ಕಾಣಿಸಲೇ ಇಲ್ಲ

ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ (1989) ಕಾದಂಬರಿಯನ್ನು ಮೊದಲ ಸಲ ಓದಿದಾಗ ನಾನು ಪೂರ್ತಿ ಏಮಾರಿದೆ. ಕತೆ ಹೇಳುವವನು ಸ್ಟೀವನ್ಸ್, ಇಂಗ್ಲೆಂಡಿನ ದೊಡ್ಡ ಬಂಗಲೆಯೊಂದರ ಬಟ್ಲರ್, ಅಂದರೆ ಮನೆಯಾಳುಗಳ ಮುಖ್ಯಸ್ಥ. ಅವನ ಮಾತು ಇಸ್ತ್ರಿ ಹಾಕಿದ ಅಂಗಿಯ ಹಾಗೆ. ಇಂಥವನನ್ನು ಅನುಮಾನಿಸೋದು ಹೇಗೆ? ಎಂ.ಎ. ತರಗತಿಗೆ ಪಾಠ ಮಾಡಬೇಕಾಗಿ ಬಂದಾಗ ಎರಡನೇ ಸಲ ಕೂತೆ.

ಈ ಸಲ ಬೇರೆಯವರು ಅವನಿಗೆ ಆಡುವ ಮಾತಿಗೆ ಮಾತ್ರ ಪೆನ್ಸಿಲ್ ಗೆರೆ ಎಳೆದೆ. 1923ರಲ್ಲಿ ಆ ಬಂಗಲೆಯಲ್ಲಿ ನಡೆದ ಸಮ್ಮೇಳನದ ರಾತ್ರಿ. ಮೇಲಿನ ಕೋಣೆಯಲ್ಲಿ ಅಪ್ಪ ಸಾಯುತ್ತಿದ್ದಾನೆ, ಕೆಳಗೆ ಮಗ ಅತಿಥಿಗಳಿಗೆ ಪೋರ್ಟ್ ವೈನ್ ಕೊಡುತ್ತಿದ್ದಾನೆ. ತನಗೆ ಹೇಗನಿಸಿತು ಅಂತ ಒಂದಕ್ಷರ ಹೇಳುವುದಿಲ್ಲ. ಆದರೆ ಒಬ್ಬರು ಬಂದು ‘ಹುಷಾರಾಗಿದ್ದೀಯಾ?’ ಅಂತ ಕೇಳುತ್ತಾರೆ. ಆಮೇಲೆ ಯಜಮಾನ ಲಾರ್ಡ್ ಡಾರ್ಲಿಂಗ್ಟನ್, ಅಳುತ್ತಿರೋ ಹಾಗಿದೆಯಲ್ಲ ಅನ್ನುತ್ತಾನೆ. ಸ್ಟೀವನ್ಸ್ ಕರ್ಚೀಫಿನಿಂದ ಮುಖ ಒರೆಸಿಕೊಂಡು, ಇವತ್ತು ಕೆಲಸ ಜಾಸ್ತಿಯಾಯಿತು ಅಂತ ಮಾತು ತೇಲಿಸುತ್ತಾನೆ. ಅವನು ಅತ್ತಿದ್ದು ನಮಗೆ ಗೊತ್ತಾಗುವುದು ಇಷ್ಟರಿಂದಲೇ. ಮೊದಲ ಓದಿನಲ್ಲಿ ನಾನು ಇದನ್ನು ಸುಮ್ನೆ ದಾಟಿಕೊಂಡು ಹೋಗಿದ್ದೆ.

ಇನ್ನೊಂದು ತೊಡಕು ತರಗತಿಯಲ್ಲೇ ಎದುರಾಯಿತು. ಸಂಕಟದ ಜಾಗಗಳಲ್ಲಿ ಸ್ಟೀವನ್ಸ್ ‘ಐ’ (ನಾನು) ಬಿಟ್ಟು ‘ಒನ್’ (ಯಾರೇ ಆದರೂ) ಅಂತ ಜಾರಿಕೊಳ್ಳುತ್ತಾನೆ. ಕನ್ನಡದಲ್ಲಿ ವಿವರಿಸೋಣ ಅಂತ ಹೋಗಿ ‘ಯಾರಿಗಾದರೂ ಬೇಜಾರಾಗುತ್ತದೆ’ ಅಂದೆ. ಹುಡುಗರು ನಕ್ಕರು. ಕೊನೆಗೆ ‘ನನಗೆ’ ಅನ್ನೋದನ್ನೇ ಕಿತ್ತು ಹಾಕಿದೆ. ‘ಬೇಜಾರಾಗುತ್ತೆ, ಅಷ್ಟೆ.’ ಯಾರಿಗೆ? ಹೇಳಿಲ್ಲ. ‘ನಮ್ಮ ತಾತ ಹೀಗೇ ಮಾತಾಡ್ತಾರೆ ಸರ್’ ಅಂದಳು ಹಿಂದಿನ ಬೆಂಚಿನ ಹುಡುಗಿ.

ಇಂಥ ನಿರೂಪಕನಿಗೆ ‘ಅನ್‌ರಿಲಯಬಲ್ ನರೇಟರ್’, ಅಂದರೆ ಪೂರ್ತಿ ನಂಬಲಾಗದ ನಿರೂಪಕ, ಅಂತ ಹೆಸರಿಟ್ಟವನು ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ಆ ಹೆಸರನ್ನು ನಾನೀಗ ಕೊನೆಯ ದಿನವೇ ಬೋರ್ಡಿನ ಮೇಲೆ ಬರೆಯುವುದು. ಮೊದಲೇ ಹೇಳಿದರೆ ಸ್ಟೀವನ್ಸ್ ಸುಳ್ಳುಗಾರ ಅಂತ ತೀರ್ಪು ಕೊಟ್ಟು ಪುಸ್ತಕ ಮುಚ್ಚಿಬಿಡುತ್ತಾರೆ. ಅವನು ಸುಳ್ಳುಗಾರ ಅಲ್ಲ. ಮನೆವಾರ್ತೆ ನೋಡಿಕೊಳ್ಳುವ ಮಿಸ್ ಕೆಂಟನ್ ಬಾಗಿಲಾಚೆ ಅಳುತ್ತಿದ್ದಾಳೆ ಅನಿಸಿ ಹೊರಗೆ ನಿಂತಿದ್ದನ್ನು ಅವನು ನೆನೆಯುತ್ತಾನೆ. ಅವಳ ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂದ ದಿನ ಅನ್ನುತ್ತಾನೆ. ಎಷ್ಟೋ ಪುಟ ಆದಮೇಲೆ, ಇಲ್ಲ, ಅದು ಕೆಲವು ತಿಂಗಳ ನಂತರದ ರಾತ್ರಿ ಇರಬೇಕು ಅಂತ ತಿದ್ದಿಕೊಳ್ಳುತ್ತಾನೆ. ಬೇರೊಬ್ಬನನ್ನು ಮದುವೆಯಾಗಲು ಒಪ್ಪಿದ್ದೇನೆ ಅಂತ ಅವಳು ಅವನಿಗೆ ಹೇಳಿದ ರಾತ್ರಿ ಅದು.